ನಿಲ್ಲಿಸದೆ ಬಿಟ್ಟ ರೆಕಾರ್ಡಿಂಗ್

"ಮಿಕ್ಸರ್ ಹಚ್ಚಬೇಕ್ರಿ, ಲ್ಯಾಪ್‌ಟಾಪಿಂದು ಪ್ಲಗ್ ತಗೀಲೇನು?" ಎಂದು ಆರತಿ ಅಡುಗೆಕಟ್ಟೆಯಿಂದ ಕೇಳಿದಳು. ಅಂಬಾದಾಸ ತಲೆಯೆತ್ತಲಿಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಕೂತು ಅವನ ಸೊಂಟ ಹಿಡಿದುಹೋಗಿತ್ತು. ಸ್ನಾನ ಮಾಡಿ, ನಾಲ್ಕು ತುತ್ತು ತಿಂದು ಹೋಗೋಣವೆಂದು ಚಿಂಚವಾಡದ ಮನೆಗೆ ಬಂದರೆ ಆಫೀಸಿನಿಂದ ಸುಖೇಶನ ಫೋನು. ಅಲ್ಲಿನ ಸರ್ವರ್‌ಗಳನ್ನು ನೋಡಿಕೊಳ್ಳುವವರು ಇವರಿಬ್ಬರೇ. ರಜೆಯಿದ್ದರೂ ಒಂದು ಫೈಲು ಇಳಿಸಿ ನೋಡಲೇಬೇಕಂತೆ. ನೋಡೋಣವೆಂದರೆ ಡಿಸ್ಕಿನಲ್ಲಿ ಜಾಗ ಮುಗಿಯುತ್ತಾ ಬಂದಿದೆ ಎಂದು ಹಳೇ ಲ್ಯಾಪ್‌ಟಾಪಿನದೇ ಒಂದು ಗೋಳು.

ಕಪ್ಪು ಪರದೆ ತೆರೆದು, ಅರೆಗಣ್ಣಿನಲ್ಲೇ, ದೊಡ್ಡ ಫೈಲುಗಳಿದ್ದ ಫೋಲ್ಡರಿಗೆ ಹೋಗಿ ಎಲ್ಲವನ್ನೂ ಅಳಿಸುವ ಆಜ್ಞೆ ಕೊಟ್ಟ. ಆಫೀಸಿನ ಯಂತ್ರಗಳು ಅಳಿಸುವ ಮುನ್ನ ಒಂದೊಂದು ಫೈಲಿಗೂ 'ಹೌದೋ, ಅಲ್ಲವೋ' ಎಂದು ಕೇಳುವಂತೆ ಅವನೇ ಮಾಡಿಟ್ಟಿದ್ದ. ಹೇಗೂ ಕೇಳುತ್ತದಲ್ಲ, ಆಗ ನೋಡಿದರಾಯಿತು ಎಂಬುದು ಕೈಗೆ ರೂಢಿಯಾಗಿಬಿಟ್ಟಿತ್ತು. ಮನೆಯ ಲ್ಯಾಪ್‌ಟಾಪಿಗೆ ಅದನ್ನು ಕಲಿಸಿರಲಿಲ್ಲ. ಅದು ಒಂದು ಮಾತೂ ಕೇಳದೆ ಎಲ್ಲವನ್ನೂ ಒರೆಸಿಹಾಕಿತು.

ಆಮೇಲೆ ನೆನಪಾಯಿತು. ಅದರಲ್ಲಿ ಅವ್ವನ ದನಿ ಇತ್ತು.

ಗಂಟಲ ಗಡ್ಡೆಯ ಜೊತೆ ಮರೆಮ್ಮನ ಧ್ವನಿಪೆಟ್ಟಿಗೆಯನ್ನೂ ತೆಗೆಯಬೇಕೆಂದು ಡಾಕ್ಟರು ಹೇಳಿದ್ದರು. ಮೊನ್ನೆ ಬೆಳಿಗ್ಗೆ, ಆಸ್ಪತ್ರೆಗೆ ಹೊರಡುವ ಮುಂಚೆ, ಅವನು ಅವಳನ್ನು ಲ್ಯಾಪ್‌ಟಾಪಿನ ಮುಂದೆ ಕೂಡಿಸಿ ಏನಾದರೂ ಮಾತಾಡು ಎಂದಿದ್ದ. ಸಿಮೆಂಟಿನ ಬುಟ್ಟಿ ಹೊತ್ತು, ಮೇಸ್ತ್ರಿಗಳ ಜೊತೆ ಬಾಯಿ ಮಾಡಿ, ಮಗನನ್ನು ಓದಿಸಿದ ಹೆಂಗಸು ಆ ಯಂತ್ರಕ್ಕೆ ಹೆದರಿ ಕೂತಳು. "ನನ್ನ ಹೆಸರು ಮರೆಮ್ಮ ಅಂತರಿ. ಯಾದಗಿರಿ ಕಡಿಯವರ್ರಿ ನಾವು," ಎಂದು ಯಾರೋ ಸಾಹೇಬರಿಗೆ ಹೇಳುವ ಹಾಗೆ ಹೇಳಿ ಸುಮ್ಮನಾದಳು. ಹೋಗಲಿ, ಅಷ್ಟಾದರೂ ಇತ್ತು. ನಿನ್ನೆ ಆಪರೇಶನ್ ಆಗಿಹೋಗಿತ್ತು. ಇನ್ನೊಮ್ಮೆ ಹೇಳವ್ವಾ ಎನ್ನುವ ಹಾಗಿರಲಿಲ್ಲ.

"ಜಾಗ ಆಯ್ತಾ?" ಎಂದು ಫೋನಿನಲ್ಲಿ ಸುಖೇಶ ಕೇಳಿದ.

ಅಂಬಾದಾಸ ಖಾಲಿ ಜಾಗದ ಲೆಕ್ಕ ತೆಗೆಸಿದ. "ಇಲ್ಲ. ಅಳಿಸಿದ್ರೂ ಮೊದಲಿನಷ್ಟ ಅದ."

"ಯಾವುದೋ ಪ್ರೋಗ್ರಾಂ ಹಿಡ್ಕೊಂಡಿರ್ತದೆ ಮಾರಾಯ. ಒಮ್ಮೆ ರೀಸ್ಟಾರ್ಟ್ ಮಾಡು, ಬಿಡ್ತದೆ."

ಹಿಡಿದುಕೊಂಡಿರುತ್ತದೆ. ಈ ಕೆಲಸದವರಿಗೆಲ್ಲ ಗೊತ್ತಿರುವ ಮಾತೇ ಅದು. ಅಳಿಸಿದಾಗ ಹೋಗುವುದು ಫೈಲಿನ ಹೆಸರು ಮಾತ್ರ. ಯಾವುದಾದರೂ ಪ್ರೋಗ್ರಾಂ ಅದನ್ನು ತೆರೆದು ಹಿಡಿದಿರುವವರೆಗೆ ಒಳಗಿನದು ಡಿಸ್ಕಿನಲ್ಲೇ ಇರುತ್ತದೆ; ಪ್ರೋಗ್ರಾಂ ನಿಂತಿತೋ, ಅದೂ ಹೋಯಿತು. ಮೊನ್ನೆ ರಿಕ್ಷಾದ ಗಡಿಬಿಡಿಯಲ್ಲಿ ಅವನು ರೆಕಾರ್ಡಿಂಗ್ ನಿಲ್ಲಿಸಿಯೇ ಇರಲಿಲ್ಲ. ಅಂದಿನಿಂದ ಅದು ಖಾಲಿ ಮನೆಯನ್ನು ಕೇಳಿಸಿಕೊಳ್ಳುತ್ತ ಡಿಸ್ಕನ್ನೆಲ್ಲ ತಿಂದುಹಾಕಿತ್ತು.

"ತಗೀತೀನ್ರಿ," ಎಂದು ಆರತಿ ಪ್ಲಗ್ಗಿಗೆ ಕೈ ಹಾಕಿದಳು. ಆ ಲ್ಯಾಪ್‌ಟಾಪಿನ ಬ್ಯಾಟರಿ ಯಾವತ್ತೋ ಸತ್ತಿತ್ತು.

"ಆರತಿ. ಕೈ ಹಚ್ಚಬ್ಯಾಡ."

ಅವನು ಮೆಲ್ಲಗೇ ಹೇಳಿದ್ದು. ಅವಳು ಗಂಡನ ಮುಖ ನೋಡಿ ಕೈ ಹಿಂದಕ್ಕೆ ತೆಗೆದುಕೊಂಡಳು. ಅವನು ಫೋನು ಇಟ್ಟು, ಓಡುತ್ತಿದ್ದ ಪ್ರೋಗ್ರಾಮಿನ ನಂಬರು ಹುಡುಕಿದ. ಅದು ಹಿಡಿದುಕೊಂಡ ಫೈಲು ಅಲ್ಲೇ ಇತ್ತು, ಪಕ್ಕದಲ್ಲಿ 'ಅಳಿಸಲಾಗಿದೆ' ಎಂಬ ಗುರುತು ಹೊತ್ತು. ಪೆನ್ ಡ್ರೈವ್ ಚುಚ್ಚಿ ಅದಕ್ಕೆ ನಕಲು ಮಾಡಲು ಹೇಳಿದ. ಕರೆಂಟು ಹೋಗದಿರಲಿ ಎಂದು ಕಂಡ ದೇವರಿಗೆಲ್ಲ ಕೈಮುಗಿದ. ಮುಗಿದೊಡನೆ ಆ ನಕಲನ್ನು ಹಾಕಿ ಕೇಳಿದ.

"ನನ್ನ ಹೆಸರು ಮರೆಮ್ಮ ಅಂತರಿ." ಬಂತು. ಅಂಬಾದಾಸನಿಗೆ ಅಳು ಬಂತು. ರಿಕ್ಷಾ ಬಂದಿದೆ ಎಂಬ ಅವನದೇ ಕೂಗು, ಚೀಲ ಹಿಡಿದು ಅವನೂ ಆರತಿಯೂ ಮೆಟ್ಟಿಲಿಳಿದ ಸದ್ದು. ಇನ್ನೇನು ನಿಲ್ಲಿಸಬೇಕು, ಒಂದು ಪಾತ್ರೆಯ ಸಪ್ಪಳ ಕೇಳಿತು. ಅವ್ವ ಇನ್ನೂ ಒಳಗಿದ್ದಳು, ಒಬ್ಬಳೇ.

"ನಳಾ ಸೋರ್ಲಕತ್ತದ. ಈ ಮನ್ಯಾಗ ಯಾರಿಗೂ ಕಣ್ಣಿಲ್ಲ," ಎಂದಳು, ಒಡಕು ದನಿಯಲ್ಲಿ, ಎಂದಿನ ಸಿಟ್ಟಿನಲ್ಲಿ. ಆಮೇಲೆ, ಯಾರೂ ಕೇಳದ ಹಾಗೆ, "ಅಂಬ್ಯಾ," ಎಂದಳು. ಮತ್ತೆ, ತುಸು ಗಟ್ಟಿಯಾಗಿ, "ಅಂಬ್ಯಾ, ಏಳೋ ಯಪ್ಪಾ, ಹೊತ್ತಾಗ್ಯಾದ." ಶಾಲೆಯ ದಿನಗಳಲ್ಲಿ ಅವನನ್ನು ಎಬ್ಬಿಸುತ್ತಿದ್ದದ್ದು ಹಾಗೆಯೇ. ಚಪ್ಪಲಿಯ ಸದ್ದು, ಬಾಗಿಲಿನ ಚಿಲಕ, ಮತ್ತೆ ನಳದ ಹನಿ.

ಅವನು ಅದನ್ನು ನಿಲ್ಲಿಸಲಿಲ್ಲ. ಆರತಿ, ಅತ್ತೆಗೆ ನಳಿಕೆಯಲ್ಲಿ ಕೊಡುವ ಗಂಜಿಗೆಂದು, ಮಿಕ್ಸರಿನ ಜಾರಿನಿಂದ ಅನ್ನವನ್ನು ತಾಟಿಗೆ ಹಾಕಿಕೊಂಡು, ಸದ್ದಾಗದಂತೆ, ಕೈಯಿಂದಲೇ ಕಿವುಚತೊಡಗಿದಳು.