ತುಟಿ ಆಡಿಸದ ಮಾತು

ಭಾಗ್ಯಮ್ಮನ ಕಿವಿ ಯಾರಿಗಾಗಿ ಹೋಯಿತು ಎಂದು ಕೊಳ್ಳೇಗಾಲದ ನೇಕಾರರ ಬೀದಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಅಪ್ಪ ತೀರಿಕೊಂಡಾಗ ತಮ್ಮ ನಿರಂಜನ್ ಇನ್ನೂ ಚಡ್ಡಿ ಹಾಕುವ ಹುಡುಗ. ಅವನನ್ನು ಓದಿಸಬೇಕೆಂದು ಇವಳು ಅಪ್ಪನ ಗುಳಿಮಗ್ಗಕ್ಕೆ ಬಟ್ಟೆ ಹೊದಿಸಿ, ಕರೆಂಟ್ ಮಗ್ಗದ ಶೆಡ್ಡಿಗೆ ಕೂಲಿಗೆ ಸೇರಿದಳು. ಅಲ್ಲಿ ಬೆಳಗಿನಿಂದ ಸಂಜೆವರೆಗೆ ಮಗ್ಗಗಳು ಒಟ್ಟಿಗೇ ಬಡಿದುಕೊಳ್ಳುತ್ತಿದ್ದವು. ತಮ್ಮ ಡಿಗ್ರಿ ಮುಗಿಸಿ ಯಳಂದೂರಿನಲ್ಲಿ ಸರ್ಕಾರಿ ಕೆಲಸ ಹಿಡಿಯುವ ಹೊತ್ತಿಗೆ ಅಕ್ಕನ ಕಿವಿಯ ಕಥೆ ಮುಗಿದಿತ್ತು. ಮದುವೆಯ ಕಥೆಯೂ ಅಷ್ಟೆ. ಆಮೇಲೆ ಅವಳು ಮನೆಯ ಗುಳಿಮಗ್ಗಕ್ಕೇ ವಾಪಸು ಬಂದು ಕೂತಳು.

ಶೆಡ್ಡು ಕಿವಿ ಕಿತ್ತುಕೊಂಡರೂ ಒಂದು ವಿದ್ಯೆ ಕೊಟ್ಟಿತ್ತು. ಆ ಸದ್ದಿನಲ್ಲಿ ಹೆಂಗಸರೆಲ್ಲ ಒಬ್ಬರ ತುಟಿ ಒಬ್ಬರು ನೋಡಿಯೇ ಮಾತಾಡುತ್ತಿದ್ದರು. ಹಾಗಾಗಿ ಬೀದಿಯ ಆ ತುದಿಯಲ್ಲಿ ಯಾರಾದರೂ ಆಡಿಕೊಂಡರೆ ಭಾಗ್ಯಮ್ಮ ಈ ತುದಿಯಿಂದ ತಿರುಗಿ ಕೊಡುತ್ತಿದ್ದಳು. ಅವಳೆದುರು ಗುಟ್ಟು ಮಾತಾಡುವವರು ಬಾಯಿಗೆ ಸೆರಗು ಅಡ್ಡ ಹಿಡಿಯುವುದು ರೂಢಿಯಾಗಿತ್ತು. ನಿರಂಜನ್ ಮಾತ್ರ ಚಿಕ್ಕಂದಿನಿಂದಲೂ ಅಕ್ಕನ ಎದುರು ಬಂದು, ಬೆಳಕಿಗೆ ಮುಖ ಕೊಟ್ಟು, ಒಂದೊಂದೇ ಅಕ್ಷರ ಬಿಡಿಸಿ ಮಾತಾಡುತ್ತಿದ್ದ. ಅದನ್ನು ನೋಡಿದವರು ತಮ್ಮ ಎಂದರೆ ಹೀಗಿರಬೇಕು ಎನ್ನುತ್ತಿದ್ದರು.

ಈಗ ಅವನು ಯಳಂದೂರಿನಲ್ಲಿ ಹೊಸ ಮನೆ ಕಟ್ಟಿದ್ದ. ಒಂದು ದಿನ ಬಂದು ಅಕ್ಕನ ಎದುರು ಕೂತು ಹೇಳಿದ.

"ಈ ಗುಳೀಲಿ ಕಾಲು ಇಳಿಬುಟ್ಕಂಡು ಎಷ್ಟು ದಿನ ಕೂತಿದ್ದೀಯೆ ಅಕ್ಕ? ಮಗ್ಗ ಬಿಚ್ಚಿ, ಇಲ್ಲಿ ಅಂಗಡಿ ಕಟ್ಟಿ ಬಾಡಿಗೆಗೆ ಬುಡಾನ. ನೀನು ನಮ್ಮ ಜೊತೆ ಬಂದ್ಬುಡು. ತುಳಸಿಕಟ್ಟೆ ಪಕ್ಕದ ರೂಮು ನಿಂದೇ."

ಹಳೆಯ ಮನೆ ಅವಳ ಹೆಸರಿನಲ್ಲಿತ್ತು. ಅಪ್ಪ ಕೂತ ಮಗ್ಗ ಬಿಚ್ಚುವುದೆಂದರೆ ಕರುಳಿಗೆ ಕೈ ಹಾಕಿದಂತೆ. ಆದರೂ ಆ ರೂಮಿನ ಮಾತಿಗೆ ಭಾಗ್ಯಮ್ಮ ಕರಗಿದಳು. ಒಂಟಿಯಾಗಿ ಉಂಡು ಸಾಕಾಗಿತ್ತು. ತಮ್ಮನ ಮಗಳು ಐದು ವರ್ಷದ ಸ್ಪಂದನ ತನ್ನ ಪಕ್ಕ ಮಲಗುವುದನ್ನು ನೆನೆದೇ ಅವಳಿಗೆ ಹೊಟ್ಟೆ ತುಂಬುತ್ತಿತ್ತು. "ಮಗ್ಗದ ಮ್ಯಾಲಿರೋ ಹಾಸು ಮುಗೀಲಿ. ಆಮೇಕೆ ಬಿಚ್ಕೊಂಡೋಗು" ಎಂದಳು. ಹಾಸು ಎಂದರೆ ಮಗ್ಗಕ್ಕೆ ಉದ್ದಕ್ಕೆ ಎಳೆದು ಕಟ್ಟಿದ ನೂಲು, ಅದು ನೇಯ್ದು ಮುಗಿಯುವವರೆಗೆ ಮಗ್ಗ ಬಿಚ್ಚುವಂತಿಲ್ಲ.

ಗೃಹಪ್ರವೇಶದ ದಿನ ಅವಳೇ ನೇಯ್ದ ರೇಷ್ಮೆ ಸೀರೆಯನ್ನು ತಮ್ಮನ ಹೆಂಡತಿ ವಾಣಿಶ್ರೀ ಉಟ್ಟಿದ್ದಳು. ವಾಣಿಶ್ರೀಯ ತವರು ಮಾಂಬಳ್ಳಿ. ಅಲ್ಲಿಂದ ಅವಳ ತಾಯಿ, ಅಣ್ಣಂದಿರು, ಅವರ ಮಕ್ಕಳು ಟೆಂಪೋ ತುಂಬ ಬಂದಿಳಿದಿದ್ದರು. ನಿರಂಜನ್ ಹೊಸ ಕ್ಯಾಮೆರಾ ತಂದಿದ್ದ. ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಚಿಕ್ಕದು. ಬಂದವರಿಗೆಲ್ಲ ಅದನ್ನು ತೋರಿಸಿದ್ದೇ ತೋರಿಸಿದ್ದು.

"ಫುಲ್ ಎಚ್‌ಡಿ ಅಕ್ಕ! ಇದ್ರಲ್ಲಿ ನಿನ್ನ ಸೀರೆ ಎಳೆ ಎಣಿಸ್ಬೋದು."

ಎಲ್ಲರೂ ಹೊಸ ಮನೆಯ ಮುಂದೆ ಸಾಲಾಗಿ ನಿಂತರು. ಕ್ಯಾಮೆರಾ ಹಿಡಿಯುವವರು ಯಾರು? ಬಂದವರೆಲ್ಲ ನೆಂಟರು, ನೆಂಟರು ಫೋಟೋದಲ್ಲಿ ಇರಬೇಕು. ನಿರಂಜನ್ ಅದನ್ನು ಅಕ್ಕನ ಕೈಗಿಟ್ಟು, "ಮೇಲಿನ ಗುಂಡಿ ಒತ್ತು, ಅಷ್ಟೆಯಾ" ಎಂದ. ಮನೆಗೆ ತಳಪಾಯವಾದವಳು ಫೋಟೋದ ಆಚೆ ನಿಂತಳು. ಅವಳಿಗದು ತಪ್ಪಾಗಿ ಕಾಣಲಿಲ್ಲ, ತಮ್ಮ ನಂಬಿ ಕೊಟ್ಟನಲ್ಲ ಎಂದು ಹಿಗ್ಗಿದಳು. ಪಾಪದ ಹೆಂಗಸು.

ಮೇಲಿನ ಗುಂಡಿ ಯಾವುದೆಂದು ಹುಡುಕುವಷ್ಟರಲ್ಲಿ ಹೆಬ್ಬೆರಳಿನ ಅಡಿಯಲ್ಲಿ ಇನ್ನೊಂದು ಗುಂಡಿ ಕಂಡಿತು. ಅದರ ಮೇಲೆ ಕುಂಕುಮದಂಥ ಕೆಂಪು ಚುಕ್ಕೆ. ಇದೇ ಇರಬೇಕೆಂದು ಒತ್ತಿದಳು. ಫೋಟೋ ಬಿತ್ತೋ ಇಲ್ಲವೋ ಎಂದು ತಿಳಿಯಲು ಅವಳಿಗೆ ಸದ್ದು ಕೇಳಬೇಕಲ್ಲ! ಕೈ ಅಲುಗಾಡಿಸದೆ ಹಿಡಿದೇ ನಿಂತಳು. ಎದುರಿನವರು ಇನ್ನೂ ಒತ್ತಿಲ್ಲವೆಂದು ಹಲ್ಲು ಬಿಟ್ಟು ನಗುತ್ತಲೇ ನಿಂತರು. ಎಷ್ಟೋ ಹೊತ್ತಿನ ಮೇಲೆ ನಿರಂಜನ್ ಕೈಯೆತ್ತಿ "ಆಯ್ತಾ?" ಎಂದ. ಅವಳು ಮತ್ತೊಮ್ಮೆ ಗುಂಡಿ ಒತ್ತಿ ತಲೆಯಾಡಿಸಿದಳು. ಪುರೋಹಿತರು ಕರೆದರೆಂದು ಅವನು ತಿರುಗಿ ನೋಡದೆ ಒಳಗೆ ಹೋದ.

ಆ ಫೋಟೋಗೆ ತಾನೇ ಕಟ್ಟು ಹಾಕಿಸಿ ತನ್ನ ರೂಮಿನ ಗೋಡೆಗೆ ತೂಗುಹಾಕಬೇಕೆಂದು ಭಾಗ್ಯಮ್ಮನ ಆಸೆ. ಸಂಜೆ ಹೊರಡುವಾಗ ಕೇಳಿದ್ದಕ್ಕೆ ನಿರಂಜನ್ ಕ್ಯಾಮೆರಾದೊಳಗಿನ ಕಾರ್ಡನ್ನೇ ತೆಗೆದುಕೊಟ್ಟ. ಮಾರನೆಯ ದಿನ ಅವಳು ಅದನ್ನು ಕೊಳ್ಳೇಗಾಲದಲ್ಲಿ ಸ್ಟುಡಿಯೋ ಇಟ್ಟುಕೊಂಡಿದ್ದ ಮಾದೇಶನ ಹತ್ತಿರ ತಂದಳು.

ಮಾದೇಶ್ ಕಂಪ್ಯೂಟರಿಗೆ ಕಾರ್ಡು ಹಾಕಿ ನಕ್ಕ. ಅವಳ ಕಡೆ ತಿರುಗಿ ಹೇಳಿದ. "ಇದು ಫೋಟೋ ಅಲ್ಲ ಕಣಕ್ಕ, ವಿಡಿಯೋ. ಕೆಂಪು ಗುಂಡಿ ಒತ್ತುಬುಟ್ಟಿದ್ದೀಯ. ಎಲ್ರೂ ಗೊಂಬೆ ನಿಂತಂಗೆ ನಿಂತವ್ರೆ ನೋಡು!"

"ಅಯ್ಯೋ! ಫೋಟೋ ಬರಕಿಲ್ವಾ?"

"ಇದ್ರಿಂದ್ಲೇ ಒಂದು ಎತ್ತಿ ಕೊಡ್ತೀನಿ ಬುಡು. ಎಚ್‌ಡಿ ಅಲ್ವಾ, ಚೆನ್ನಾಗೇ ಬತ್ತದೆ."

ಪರದೆಯ ಮೇಲೆ ಸ್ಪಂದನ ಇವಳ ಕಡೆಗೇ ಬೆರಳು ತೋರಿಸಿ ಏನೋ ಹೇಳುತ್ತಿತ್ತು. ತಮ್ಮನ ಮಗುವಿನ ಧ್ವನಿ ಹೇಗಿದೆ ಎಂದು ಭಾಗ್ಯಮ್ಮನಿಗೆ ಇವತ್ತಿಗೂ ಗೊತ್ತಿರಲಿಲ್ಲ. "ಮಾದೇಶ, ಇದ್ರಲ್ಲಿ ಸದ್ದೂ ಅದಾ? ನಂಗೆ ಕೇಳಂಗೆ ಮಾಡಕಾದದಾ?" ಎಂದಳು. ಮಾದೇಶ್ ಮದುವೆ ವಿಡಿಯೋ ಕೆಲಸಕ್ಕೆ ಇಟ್ಟುಕೊಂಡಿದ್ದ ದೊಡ್ಡ ಹೆಡ್‌ಫೋನ್ ಅವಳ ಕಿವಿಗೆ ಹಾಕಿ, ಸದ್ದನ್ನು ಪೂರ್ತಿ ಏರಿಸಿದ.

ಸತ್ತೇಹೋಗಿದೆ ಎಂದುಕೊಂಡಿದ್ದ ಕಿವಿಯಲ್ಲಿ ಚೂರು ಜೀವ ಉಳಿದಿತ್ತು. ಬಾವಿಯ ತಳದಿಂದ ಬಂದಂತೆ ಮಗುವಿನ ಧ್ವನಿ ಬಂತು. "ಅತ್ತೆ ಯಾಕೆ ಆಚೆ ನಿಂತವ್ಳೆ? ಅತ್ತೆನೂ ಬರ್ಲಿ!" ಭಾಗ್ಯಮ್ಮನ ಕಣ್ಣು ತುಂಬಿತು. ಎಷ್ಟು ಸಣ್ಣ ದನಿ, ಎಷ್ಟು ಚೆಂದ!

ಅದರ ಹಿಂದೆಯೇ ಇನ್ನೊಂದು ಹೆಣ್ಣು ದನಿ ಬಂತು. "ತುಳಸಿಕಟ್ಟೆ ರೂಮು ಅಕ್ಕಂಗೆ ಅಂದ್ರಂತೆ? ಅದ್ರಲ್ಲಿ ನಮ್ಮವ್ವ ಇರಾದು ಅಂತ ಏಳಿರ್ನಿಲ್ವಾ?"

ಪರದೆಯ ಮೇಲೆ ವಾಣಿಶ್ರೀ ನಗುತ್ತಿದ್ದಳು, ತುಟಿ ಅಲುಗಿರಲಿಲ್ಲ.

ಆಮೇಲೆ ಗಂಡಸಿನ ದನಿ. "ಮೊದ್ಲು ಮಗ್ಗ ಬಿಚ್ಚಾಗ್ಲಿ, ಸುಮ್ನಿರು. ಆಮೇಕೆ ಅಜ್ಜೀಪುರದ ಚಿಕ್ಕಮ್ಮನ ತಾವು ಬುಟ್ಬುಡಾನ. ಅವ್ರಿಗೂ ದನ ನೋಡ್ಕಳಕೆ ಒಂದಾಳು ಬೇಕು."

"ಮೆತ್ತಗೆ ಮಾತಾಡಿ, ಎದ್ರಿಗೇ ಅವ್ಳೆ."

"ಅವ್ಳಿಗೆ ಸಿಡ್ಲು ಒಡುದ್ರೂ ಕೇಳಕಿಲ್ಲ. ತುಟಿ ಆಡುಸ್ಬ್ಯಾಡ, ಓದ್ಬುಡ್ತಾಳೆ. ನಗ್ತಾ ಇರು."

ಇಪ್ಪತ್ತು ವರ್ಷ ಬೆಳಕಿಗೆ ಮುಖ ಕೊಟ್ಟು ಮಾತಾಡಿದ್ದ ತಮ್ಮ ಹಲ್ಲು ಕಚ್ಚಿ ನಗುತ್ತಾ ಆಡಿದ ಮಾತು ಅದು. ಹತ್ತಿದ ಏಣಿ ಒದೆಯುವವರನ್ನು ಭಾಗ್ಯಮ್ಮ ಕಂಡಿದ್ದಳು. ಏಣಿಗೆ ಮುಖ ಮಾಡಿ ನಗುತ್ತಾ ಒದೆಯುವವರನ್ನು ಇದೇ ಮೊದಲು ಕಂಡಳು. ಕಿವಿ ಇಲ್ಲದ್ದಕ್ಕೆ ಇಷ್ಟು ವರ್ಷ ದೇವರನ್ನು ಬೈದಿದ್ದವಳು, ಕೇಳಿಸಿದ್ದಕ್ಕೆ ಆವತ್ತು ಬೈದಳು.

"ಇನ್ನೊಂದ್ಸಲ ಹಾಕು" ಎಂದಳು. ಎರಡನೇ ಸಲವೂ ಅದೇ ಮಾತು.

ಮಾದೇಶನಿಗೆ ಏನೂ ಕೇಳಿಸಿರಲಿಲ್ಲ. ಅವಳ ಕಣ್ಣೀರು ನೋಡಿ ಸಂತೋಷಕ್ಕೆ ಬಂದದ್ದು ಎಂದುಕೊಂಡು, "ಇದ್ನ ಎತ್ಲಾ ಅಕ್ಕ? ಇಲ್ಲಿ ಎಲ್ರೂ ಬೋ ಚೆನ್ನಾಗಿ ನಗ್ತಾವ್ರೆ" ಎಂದ. "ತುಟಿ ಆಡುಸ್ಬ್ಯಾಡ" ಎಂದ ಗಳಿಗೆಯದೇ ಚಿತ್ರ. ಭಾಗ್ಯಮ್ಮ ಹೂಂ ಎಂದಳು.

ಮುಂದಿನ ವಾರ ನಿರಂಜನ್ ಇಬ್ಬರು ಆಳುಗಳನ್ನು ಕರೆದುಕೊಂಡು, ಹಾರೆ, ಹಗ್ಗ ಹಿಡಿಸಿಕೊಂಡು ಬಂದ. ಹಳೆಯ ಹಾಸು ಮುಗಿದಿತ್ತು. ಆದರೆ ಮಗ್ಗ ಖಾಲಿ ಇರಲಿಲ್ಲ. ಹಳೆಯ ಹಾಸಿನ ತುದಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಕೆಚ್ಚುತ್ತಾ, ಅಂದರೆ ಗಂಟು ಕೂಡಿಸುತ್ತಾ, ಭಾಗ್ಯಮ್ಮ ಗುಳಿಯಲ್ಲಿ ಕಾಲಿಟ್ಟು ಕೂತಿದ್ದಳು. ಎದುರಿನ ಗೋಡೆಯಲ್ಲಿ ಕಟ್ಟು ಹಾಕಿಸಿದ ಫೋಟೋ ಇತ್ತು.

"ಇದೇನಕ್ಕ, ಹೊಸ ಹಾಸು?" ಎಂದವನು ಗೋಡೆ ನೋಡಿ ಮುಖ ಅರಳಿಸಿದ. "ಎಂಗ್ ಬಂದದೆ ನೋಡು ಫೋಟೋ! ನಾ ಏಳಿರ್ನಿಲ್ವಾ?"

"ಫೋಟೋ ಅಲ್ಲ ಕಣ್ಲಾ ಅದು, ವಿಡಿಯೋ. ಕೆಂಪು ಗುಂಡಿ ಒತ್ತುಬುಟ್ಟಿದ್ದೆ. ಸದ್ದೂ ಅದೆ." ಅವಳು ಕಾರ್ಡನ್ನು ಮಗ್ಗದ ಹಲಗೆಯ ಮೇಲಿಟ್ಟಳು. "ಸ್ಪಂದನಳ ದನಿ ಮೊದಲ್ನೇ ಸಲ ಕೇಳ್ದೆ. ನಿಂದೂ ಕೇಳ್ದೆ. ನಿನ್ನ ದನಿ ಥೇಟು ಅಪ್ಪಂದೇ ಕಣ್ಲಾ."

ಫೋಟೋದಲ್ಲಿದ್ದ ನಗು ಎದುರಿಗಿದ್ದವನ ಮುಖದಿಂದ ಬಿದ್ದುಹೋಯಿತು. ಆಳುಗಳು ಹಾರೆ ಊರಿಕೊಂಡು ಒಬ್ಬರ ಮುಖ ಒಬ್ಬರು ನೋಡಿದರು. ಮಗುವನ್ನು ಇನ್ನು ಈ ಮನೆಗೆ ಕಳಿಸುವುದಿಲ್ಲ ಎಂಬುದು ಭಾಗ್ಯಮ್ಮನಿಗೆ ಗೊತ್ತಿತ್ತು. ಅದೊಂದಕ್ಕೇ ಅವಳ ಹೊಟ್ಟೆ ಉರಿಯುತ್ತಿತ್ತು.

ನಿರಂಜನ್ ಮಗ್ಗದ ಮುಂದೆ ಬಂದು ಕುಕ್ಕರಗಾಲಿನಲ್ಲಿ ಕೂತ. ಚಿಕ್ಕಂದಿನಲ್ಲಿ ಕೂರುತ್ತಿದ್ದ ಹಾಗೆಯೇ ಕಿಟಕಿಯ ಬೆಳಕಿಗೆ ಮುಖ ಕೊಟ್ಟು, ತುಟಿ ಚೆನ್ನಾಗಿ ಬಿಡಿಸಿ, ಒಂದೊಂದೇ ಅಕ್ಷರವಾಗಿ ಏನನ್ನೋ ಹೇಳತೊಡಗಿದ.

ಭಾಗ್ಯಮ್ಮ ತಲೆ ಎತ್ತಲಿಲ್ಲ. ಮುಂದಿನ ಎಳೆ ಹುಡುಕಿ ಗಂಟು ಹಾಕಿದಳು.