ಸೊಟ್ಟ ಕನ್ನಡಕದವನ ಸತ್ಕಾರ

ಕೆಲವು ಮಂಗಳವಾರಗಳು ಹುಟ್ಟುವುದೇ ಚರಿತ್ರೆಯ ದಿಕ್ಕು ಬದಲಿಸಲು. ಅಂಥದೊಂದು ಮಂಗಳವಾರ ಸಂಜೆ ಕನ್ನಡಕದ ಅಂಗಡಿಯ ಬಾಗಿಲಲ್ಲಿ ನಿಂತು ಒಬ್ಬ ಹುಡುಗ ಕೈಬೀಸಿದ. ಅಂಗಡಿಯವರ ಮಗಳು ಪ್ರತಿಯಾಗಿ ಕೈಬೀಸಲಿಲ್ಲ.

ಅಂಗಡಿಯ ಬಾಗಿಲು ಅರ್ಧ ಗಂಟೆ ಮುಂಚೆಯೇ ಮುಚ್ಚಿತು. ಕಣ್ಣು ಪರೀಕ್ಷಿಸುವ ಕೋಣೆಯಲ್ಲಿ, ದೊಡ್ಡ ಅಕ್ಷರದಿಂದ ಇರುವೆಗಾತ್ರದ ಅಕ್ಷರದವರೆಗೆ ಇಳಿಯುವ ಫಲಕದ ಕೆಳಗೆ, ಹಿರಿಯರ ಸಭೆ ಸೇರಿತು. ಮಗಳಿಗೆ ಹದಿನೇಳು. ಆಟಿಸಂ ಇದೆ. ನಾನು ಎಡಗೈಯಲ್ಲಿ ಬರೆಯುತ್ತೇನೆ ಎನ್ನುವಷ್ಟು ಸಲೀಸಾಗಿ ಅವಳು ಅದನ್ನು ಹೇಳಿಕೊಳ್ಳುತ್ತಾಳೆ. ಮನೆಯವರು ಮಾತ್ರ ಆ ಪದ ಬಂದಾಗಲೆಲ್ಲ ದನಿ ತಗ್ಗಿಸುತ್ತಾರೆ, ಪದಕ್ಕೇ ಕೇಳಿಸಿಬಿಟ್ಟೀತು ಎನ್ನುವಂತೆ.

ಪ್ರೀತಿ ತೋರುವ ಕಲೆಯ ಬಗ್ಗೆ ತೀರ್ಪು ಕೊಡಲು ಕೂತವರ ಯೋಗ್ಯತೆಯನ್ನೂ ಹೇಳಿಬಿಡಬೇಕು. ಅಪ್ಪ ಮತ್ತು ಅಮ್ಮ ಒಂದೇ ಬೆಂಚಿನ ಮೇಲೆ ಕೂತಿದ್ದರು. ಅಪ್ಪ ಮಗಳತ್ತ ತಿರುಗಿ, "ಟೀ ತಣ್ಣಗಾಗ್ತಿದೆ ಅಂತ ನಿಮ್ಮಮ್ಮನಿಗೆ ಹೇಳು" ಎಂದರು. ಅಮ್ಮ, "ನನಗೂ ಕಣ್ಣಿದೆ ಅಂತ ಹೇಳು" ಎಂದರು. ಮೂರನೆಯವರು ಅಪ್ಪನ ತಂಗಿ, ಅಂದರೆ ಅತ್ತೆ. ಒಂದು ದೊಡ್ಡ ಹೋಟೆಲಿನಲ್ಲಿ, ಬಂದವರನ್ನು ಎದುರುಗೊಳ್ಳುವ ಹುಡುಗ ಹುಡುಗಿಯರಿಗೆ ನಗುವುದನ್ನು ಕಲಿಸುವುದು ಅವರ ಉದ್ಯೋಗ. ಅತ್ತೆಯ ಕೈಯಲ್ಲಿ ಪಳಗಿದವರು ಚಾವಣಿ ಸೋರುತ್ತಿದ್ದರೂ ಹಲ್ಲು ಬಿಟ್ಟುಕೊಂಡೇ ಬಕೆಟ್ ತಂದಿಡುತ್ತಾರೆಂದು ಖ್ಯಾತಿ. ಅವರ ಯಜಮಾನರು ಮಾತ್ರ, ಅತ್ತೆ ಒಂದು ಕೋಣೆಗೆ ಬಂದರೆ ತಾವು ಇನ್ನೊಂದಕ್ಕೆ ಹೋಗುವ ಅಭ್ಯಾಸ ಇಟ್ಟುಕೊಂಡಿದ್ದಾರೆ. ಅದು ಬೇರೆ ವಿಷಯ.

"ಒಂದು ನಗು ಇಲ್ಲ, ಒಂದು ಒಳ್ಳೇ ಮಾತಿಲ್ಲ," ಎಂದರು ಅತ್ತೆ. "ಆ ಹುಡುಗ ಗೋಡೆಗೆ ತಲೆ ಚಚ್ಚಿಕೊಂಡ ಹಾಗಾಗಿದೆ."

"ತಲೆ ಚಚ್ಚಿಕೊಂಡಿಲ್ಲ ಅತ್ತೆ," ಎಂದಳು ಹುಡುಗಿ. "ಕನ್ನಡಕದ ಮೇಲೆ ಕೂತ್ಕೊಂಡಿದ್ದ. ಮತ್ತೆ."

ಹುಡುಗ ಅವಳ ತರಗತಿಯವನು. ಊಟದ ಹೊತ್ತಿಗೆ ಅವಳ ಪಕ್ಕ ಕೂತು, 'ಎಲ್ಲರ ಜೊತೆ ಬೆರೆಯಬೇಕಮ್ಮ' ಎಂದು ಉಪದೇಶಿಸದೆ ಊಟ ಮಾಡುವ ಒಬ್ಬನೇ ಪ್ರಾಣಿ. ಅಪ್ಪ ಅವನಿಗೆ ಸೊಟ್ಟಪ್ಪ ಎಂದು ಹೆಸರಿಟ್ಟಿದ್ದರು, ಏಕೆಂದರೆ ವಾರವಾರವೂ ಅವನ ಕನ್ನಡಕ ಸೊಟ್ಟಗಾಗುತ್ತಿತ್ತು. ಅವನು ಬಂದ ಕೂಡಲೇ ಹುಡುಗಿ ಅವನ ಮೂಗಿನ ಮೇಲಿನಿಂದ ಅದನ್ನು ತೆಗೆದುಕೊಂಡು ಮೇಜಿಗೆ ಹೋಗುವಳು. ಸಣ್ಣ ಇಕ್ಕಳದಿಂದ ಕಡ್ಡಿ ನೇರ ಮಾಡಿ, ಬಲಗಡೆಯದನ್ನು ಕೂದಲೆಳೆಯಷ್ಟು ಮತ್ತೆ ಬಗ್ಗಿಸುವಳು. ಅವನ ಬಲಗಿವಿ ತುಸು ಮೇಲಿದೆ. ಬೇರೆ ಗಿರಾಕಿಗಳ ಫ್ರೇಮನ್ನು ಅವಳು ಬೆರಳ ತುದಿಯಿಂದಲೂ ಮುಟ್ಟುವವಳಲ್ಲ. ಪರರ ಬೆವರಿನ ಜಿಡ್ಡು ಅವಳಿಗೆ ಆಗದು. ಮೂವರು ಹಿರಿಯರೂ ಇದನ್ನು ವಾರವಾರ ನೋಡುತ್ತಿದ್ದರು. ಯಾರಿಗೂ ಏನೂ ಕಾಣಲಿಲ್ಲ. ಕಣ್ಣಿನ ವ್ಯಾಪಾರದ ಮನೆ, ಏನು ಹೇಳೋಣ.

"ಅವನು ಬರೋದು ನಿಲ್ಲಿಸ್ತಾನಾ?" ಎಂದು ಹುಡುಗಿ ಕೇಳಿದಳು.

"ನಿಲ್ಲಿಸದೆ ಇನ್ನೇನು!" ಎಂದರು ಅತ್ತೆ.

ಅವಳಿಗೆ ಅವನು ಬೇಕಿತ್ತು. ಅದಕ್ಕೇ ಅತ್ತೆಯ ತರಬೇತಿಗೆ ಒಪ್ಪಿದಳು.

"ಕಣ್ಣಲ್ಲಿ ಕಣ್ಣಿಟ್ಟು ಮಾತಾಡು."

"ಯಾವ ಕಣ್ಣಲ್ಲಿ? ಒಟ್ಟಿಗೆ ಎರಡನ್ನೂ ನೋಡೋಕಾಗಲ್ಲ."

ಇಷ್ಟು ವರ್ಷ ಪಾಠ ಮಾಡಿದ್ದರೂ ಅತ್ತೆಗೆ ಈ ಪ್ರಶ್ನೆ ಹೊಳೆದಿರಲಿಲ್ಲ. ಕೆಮ್ಮಿ, ಮುಂದಿನ ಪಾಠಕ್ಕೆ ಹೋದರು. ಮೊಣಕೈಯನ್ನು ಹೂವು ಸೋಕಿದಂತೆ ಮುಟ್ಟಬೇಕು.

"ಹಾಗೆ ಮುಟ್ಟಿದ್ರೆ ಇರುವೆ ಹರಿದ ಹಾಗಾಗುತ್ತೆ."

"ನಿನ್ನನ್ನಲ್ಲಮ್ಮ, ಅವನನ್ನ ಮುಟ್ಟೋದು. ಮತ್ತೆ ಆ ಕನ್ನಡಕ ಕಿತ್ಕೊಳ್ಳೋದೊಂದು ಬಿಟ್ಟುಬಿಡು ತಾಯಿ. ಎದುರಿಗಿದ್ದವರ ಮುಖಕ್ಕೆ ಕೈ ಹಾಕೋದು ಎಂಥ ಮರ್ಯಾದೆ?"

ಮುಂದಿನ ಮಂಗಳವಾರ ಹುಡುಗ ಬಂದ, ಕನ್ನಡಕ ಯಥಾಪ್ರಕಾರ ಒಂದು ಕಡೆ ವಾಲಿಕೊಂಡು. ಹಿರಿಯರು ಪರೀಕ್ಷೆಯ ಕೋಣೆಯ ಪರದೆಯ ಹಿಂದೆ ಸರಿದರು. ಪರದೆ ಗಿಡ್ಡ, ಮೂರು ಜೋಡಿ ಚಪ್ಪಲಿ ಹೊರಗೇ ಕಾಣುತ್ತಿದ್ದವು.

ಹುಡುಗಿ ನಕ್ಕಳು. ಫೋಟೊ ತೆಗೆಯುವವನು ಗುಂಡಿ ಒತ್ತಲು ಮರೆತಾಗ ಮುಖದ ಮೇಲೆ ಉಳಿದುಬಿಡುವ ನಗೆ ಅದು. ಅವನ ಎಡಗಣ್ಣನ್ನೇ ಆರಿಸಿಕೊಂಡು ದಿಟ್ಟಿಸಿದಳು.

"ನಿಮ್ಮನ್ನು ನೋಡಿ ತುಂಬಾ ಸಂತೋಷವಾಯಿತು. ನಿಮ್ಮ ಅಂಗಿ ಬಹಳ ಚೆನ್ನಾಗಿದೆ."

ಹುಡುಗ ಹಿಂತಿರುಗಿ ನೋಡಿದ. ಯಾವ 'ನೀವು' ಬಂದಿದ್ದಾರೋ ಎಂದು. ಯಾರೂ ಇರಲಿಲ್ಲ. ಅಂಗಿ ಶಾಲೆಯ ಸಮವಸ್ತ್ರ. ಅಂಥದ್ದನ್ನೇ ಅವಳೂ ತೊಟ್ಟಿದ್ದಳು. ಅಷ್ಟರಲ್ಲಿ ಅವಳ ಬೆರಳೊಂದು ಬಂದು ಅವನ ಮೊಣಕೈಗೆ ಸೋಕಿ, ಬಿಸಿ ತಾಗಿದಂತೆ ಹಿಂದೆ ಸರಿಯಿತು.

"ಏನಾಗಿದೆ ನಿನಗೆ? ನಾನೇನು ಹೋಟೆಲಲ್ಲಿ ರೂಮು ಕೇಳೋಕೆ ಬಂದಿದ್ದೀನಾ?"

ನಗೆ ಅಲ್ಲಾಡಲಿಲ್ಲ.

"ಬರೋದು ಬೇಡ ಅಂದ್ರೆ ನೇರ ಹೇಳ್ಬಿಡು," ಎಂದ ಹುಡುಗ. ಬಾಗಿಲಿನ ಹಿಡಿಗೆ ಕೈ ಹಾಕಿ ಗೊಣಗಿದ: "ಕನ್ನಡಕಾನೂ ಮುಟ್ಟಲಿಲ್ಲ. ಇವತ್ತು ಸಾಕಷ್ಟು ಬಗ್ಗಿಸಿಲ್ವೇನೋ."

ನಗೆ ಉದುರಿತು.

"ಬಗ್ಗಿಸಿದ್ಯಾ? ನೀನಾ? ಮೇಲೆ ಕೂತ್ಕೊಂಡೆ ಅಂತಿದ್ದೆ!"

"ಮೊದಲ ಸಲ ನಿಜವಾಗ್ಲೂ ಕೂತಿದ್ದೆ."

"ಆಮೇಲೆ?"

"ಆಮೇಲೆ... ಕೈಯಿಂದ."

"ಸುಳ್ಳು ಹೇಳಿದೆ!" ಅವಳ ಬೆರಳುಗಳು ಮೇಜಿನ ಅಂಚಿಗೆ ಪಟಪಟನೆ ಬಡಿಯತೊಡಗಿದವು. "ಬಗ್ಗಿಸಿ ಬಗ್ಗಿಸಿ ಒಂದು ದಿನ ಕಡ್ಡಿ ಮುರಿಯುತ್ತೆ. ಆಮೇಲೆ ಬಸ್ಸಿನ ಬೋರ್ಡು ಕಾಣಲ್ಲ ನಿನಗೆ. ಯಾವುದಕ್ಕೋ ಹತ್ತಿ ಎಲ್ಲಿಗೋ ಹೋಗ್ತೀಯ. ಯಾಕೆ ಬಗ್ಗಿಸಿದೆ?"

ಹುಡುಗ ಕೆಂಪಾದ. "ನೀನು ಅದನ್ನ ಸರಿಮಾಡುವಾಗ ನನ್ನ ಬಗ್ಗೆ ಯೋಚಿಸ್ತಿರ್ತೀಯ ಅನ್ಸುತ್ತೆ. ಅದಕ್ಕೇ."

"ನಿನ್ನ ಬಗ್ಗೆ ಅಲ್ಲ. ನಿನ್ನ ಕಿವಿ ಬಗ್ಗೆ." ಬೆರಳುಗಳು ನಿಂತವು. "ಬೇರೆ ಯಾರ ಕಿವಿ ಬಗ್ಗೆನೂ ನಾನು ಯೋಚಿಸಲ್ಲ."

ಪರದೆಯ ಹಿಂದಿನಿಂದ ಅತ್ತೆಯ ಪಿಸುಮಾತು ಅಂಗಡಿಗೆಲ್ಲ ಕೇಳಿಸಿತು: "ಅಯ್ಯೋ, ಕಿವಿ ಅಂದ್ಬಿಟ್ಟಳಲ್ಲ! ಕಣ್ಣು ಅನ್ನಬಾರದಿತ್ತೇ?"

"ನಿಮ್ಮ ತಂಗಿಗೆ ಬಾಯಿ ಮುಚ್ಚೋಕೆ ಹೇಳಿ," ಎಂದರು ಅಮ್ಮ. ಎಷ್ಟೋ ಕಾಲದ ಮೇಲೆ ಅವರು ಗಂಡನಿಗೆ ನೇರವಾಗಿ ಆಡಿದ ಮಾತು ಅದು. ಅಪ್ಪ ಗಾಬರಿಯಾಗಿ ಸುತ್ತ ನೋಡಿದರು. ಉತ್ತರ ಸಾಗಿಸಲು ಮಗಳು ಪಕ್ಕದಲ್ಲಿರಲಿಲ್ಲ.

"ಬೇಕಿದ್ರೆ ಬೇಕು ಅನ್ನು," ಎನ್ನುತ್ತಿದ್ದಳು ಹುಡುಗಿ. "ಬಗ್ಗಿಸಬೇಡ."

"ಹಾಗೆ ಕೇಳೋಕೆ ಒಂಥರಾ ಆಗುತ್ತೆ."

"ಯಾವ ಥರ?"

"ನಾಚಿಕೆ."

"ಆ ನಗು ನಕ್ಕು ನನ್ನ ದವಡೆ ನೋಯ್ತಿದೆ. ನಿನ್ನ ನಾಚಿಕೆ ಏನು ಮಹಾ!"

ಹುಡುಗ ನಕ್ಕುಬಿಟ್ಟ. ಆಮೇಲೆ ಗಂಟಲು ಸರಿಮಾಡಿಕೊಂಡು, ಬಾಯಿಪಾಠ ಒಪ್ಪಿಸುವವನ ಹಾಗೆ ಕೇಳಿದ: "ನಾನಂದ್ರೆ ಇಷ್ಟಾನಾ?"

"ಹೌದು," ಎಂದಳು ಅವಳು, ನಗದೆ, ಅವನ ಬಲಗಿವಿಯನ್ನು ನೋಡುತ್ತ. "ಸುಳ್ಳು ಹೇಳಿದ್ದಕ್ಕೆ ಕೋಪಾನೂ ಇದೆ. ಎರಡೂ ಇದೆ. ನಿನಗೆ?"

"ನನಗೆ ಒಂದೇ ಇದೆ. ಮೊದಲನೇದು. ಕೈ ಹಿಡೀಬಹುದಾ?"

"ಗಟ್ಟಿಯಾಗಿ ಹಿಡಿಯೋದಾದ್ರೆ ಹಿಡಿ. ಇರುವೆ ಥರ ಬೇಡ."

ಅವನು ಗಟ್ಟಿಯಾಗಿ ಹಿಡಿದ. ಅತ್ತೆ ಪರದೆ ಸರಿಸಿಕೊಂಡು, ತಮ್ಮ ಉದ್ಯೋಗದ ನಗೆಯನ್ನು ಮುಖಕ್ಕೆ ಏರಿಸಿ ಹೊರಬಂದರು. "ನೋಡಿದ್ರಾ? ಒಂದೇ ವಾರದ ತರಬೇತಿ!"

ಮರುದಿನದಿಂದಲೇ ಅವರು ಹೋಟೆಲಿನಲ್ಲಿ ಈ ಪ್ರಸಂಗವನ್ನು ತಮ್ಮ ಬೋಧನೆಗೆ ಸಾಕ್ಷಿಯಾಗಿ ಹೇಳತೊಡಗಿದರು. ಕಿವಿಯ ಮಾತು ಬಂದ ಕಡೆಯಲ್ಲೆಲ್ಲ ಕಣ್ಣು ಎಂದು ತಿದ್ದಿಕೊಂಡರು. ಮನೆಯಲ್ಲಿ ಅಪ್ಪ ಅಮ್ಮ ಮತ್ತೆ ಮಗಳ ಮೂಲಕವೇ ಟೀ ಕೇಳುತ್ತಾರೆ.

ಹುಡುಗ ಬರುವುದನ್ನು ನಿಲ್ಲಿಸಲಿಲ್ಲ.