ಹೊಸ್ತಿಲ ಮೇಲಿನ ಮೊಟ್ಟೆ

"ಏ ಮುದ್ಕಿ, ಆ ದೆವ್ವ ಹಿಡಿದ ಮುಂಡೇದನ್ನ ಎಲ್ಲಾದ್ರೂ ಬಚ್ಚಿಡೆ. ದೊಡ್ಡೋರು ಬರೋ ಹೊತ್ತಿಗೆ ಬಾಗ್ಲಲ್ಲಿ ಕೂತು ಗುರಾಯಿಸ್ತಾ ಇದ್ರೆ ನನ್ನ ಮರ್ಯಾದೆ ಉಳೀತದಾ?"

ಹೀಗೆ ಬೈದವನು ಮಕ್ಕಳ ರಕ್ಷಣಾಧಿಕಾರಿ ಒಕಿಡಿ. ಅಚಿರೊ ತಲೆ ಎತ್ತಲಿಲ್ಲ. ಮುದ್ದೆ ತಿರುವುವ ಕೈ ನಿಂತರೆ ಗಂಟಾಗುತ್ತದೆ. ಅವಳ ಸೊಂಟಕ್ಕೆ ಕಟ್ಟಿದ ಹರಕು ಬಟ್ಟೆಯ ಇನ್ನೊಂದು ತುದಿ ಮೊಮ್ಮಗಳು ಲಮಾರೊಳ ಮುಂಗೈಯಲ್ಲಿತ್ತು. ಬಿಟ್ಟರೆ ಹುಡುಗಿ ಹೊಳೆಗೆ ಓಡುತ್ತಾಳೆ. ಆಚೆ ದಡದಿಂದ ಸತ್ತ ಮಕ್ಕಳು ಕರೆಯುತ್ತಾರೆಂದು ನಿರಾಶ್ರಿತರ ಶಿಬಿರದಲ್ಲಿ ಎಲ್ಲರಿಗೂ ಗೊತ್ತು.

"ಬಚ್ಚಿಡಕ್ಕೆ ಇವಳೇನು ನಾನು ಕಾಯ್ಸೋ ಸಾರಾಯಿನಾ ಸ್ವಾಮಿ?" ಎಂದಳು.

ಒಕಿಡಿಯೂ ಇದೇ ಸೀಮೆಯವನೇ. ಅವನ ತಾಯಿಯೂ ಅಚಿರೊಳೂ ಒಂದೇ ಬಾವಿಯ ನೀರು ಹೊತ್ತವರು. ಈಗ ಅವನು ಬೂಟಿಗೆ ಕೆಸರು ತಾಗದಂತೆ ನಡೆಯುವುದನ್ನು ಕಲಿತಿದ್ದಾನೆ.

ಲಮಾರೊಳನ್ನು ದಂಗೆಕೋರರು ಕಾಡಿಗೆ ಎತ್ತಿಕೊಂಡು ಹೋಗಿದ್ದರು. ಎರಡು ಮಳೆಗಾಲ ಕಳೆದ ಮೇಲೆ ಹುಡುಗಿ ಬಂದಳು, ಮಾತು ಕಾಡಿನಲ್ಲೇ ಉಳಿಯಿತು. ಈ ಸೀಮೆಯಲ್ಲಿ ರಕ್ತ ಕಂಡು ಬಂದವರು ಹೊಸ್ತಿಲ ಮೇಲೆ ಸುಲಿದ ಹಸಿ ಕಡ್ಡಿಗಳ ನಡುವೆ ಇಟ್ಟ ಕೋಳಿಮೊಟ್ಟೆ ತುಳಿದೇ ಮನೆ ಹೊಗಬೇಕು, ಬೆನ್ನಿಗೆ ಬಿದ್ದ ಸತ್ತವರು ಆಗ ಹೊರಗೇ ನಿಲ್ಲುತ್ತಾರೆ. ಲಮಾರೊಳೂ ತುಳಿದಳು. ಆದರೆ ಮನೆ ಎಂಬುದು ಸುಟ್ಟು ಬೂದಿಯಾಗಿತ್ತು. ಶಿಬಿರದಲ್ಲಿ ಸರ್ಕಾರ ಕೊಟ್ಟ ಗುಡಿಸಲ ಬಾಗಿಲಲ್ಲಿ ತುಳಿಸಿದ್ದೇ ತಪ್ಪಾಯಿತೆಂದು ಅಚಿರೊ ಒಳಗೊಳಗೇ ಬೇಯುತ್ತಿದ್ದಳು. ಆ ಹೊಸ್ತಿಲನ್ನು ಸತ್ತವರು ಲೆಕ್ಕಕ್ಕೇ ಇಟ್ಟಿರಲಿಲ್ಲ.

ಪಟ್ಟಣದ ಆಸ್ಪತ್ರೆಯಲ್ಲಿ ಒಬ್ಬ ಡಾಕ್ಟರು ಇಂಥ ಮಕ್ಕಳ ಜೊತೆ ನೆಲದ ಮೇಲೆ ಕೂತು ಮಾತಾಡುತ್ತಾನಂತೆ. ಈವತ್ತು ಶಿಬಿರದ ಸಭೆಗೆ ಪಟ್ಟಣದಿಂದ ಇಲಾಖೆಗಳ ಜೀಪುಗಳು ಬರುತ್ತವೆ. ವಾಪಸ್ ಹೋಗುವಾಗ ಒಂದರಲ್ಲಿ ಇವಳನ್ನು ಹತ್ತಿಸಬೇಕು. ಅದಕ್ಕೇ ಅಚಿರೊ ಬಿಟ್ಟಿ ಅಡುಗೆಗೆ ಒಪ್ಪಿದ್ದಳು.

ಸಭೆಯ ನಡುವೆ ಚಹಾಕ್ಕೆ ಬಿಟ್ಟಾಗ ಅವಳು ಆರೋಗ್ಯ ಇಲಾಖೆಯ ಮೇಡಂ ಮುಂದೆ ಮಂಡಿಯೂರಿದಳು.

"ತಾಯೀ, ನಿಮ್ ಗಾಡೀಲಿ ಚೂರು ಜಾಗ ಕೊಡಿ. ಕಾಲ ಹತ್ರ ಕೂತ್ಕೊಂಡು ಬರ್ತಾಳೆ."

"ಮಕ್ಕಳ ಇಲಾಖೆ ಕಳಿಸಿದ್ರೆ ಮಾತ್ರ ನಾವು ತಗೋಬಹುದಮ್ಮ."

"ತಲೆ ಕೆಟ್ಟಿದ್ದು ಕಾಯಿಲೆ ಮೇಡಂ. ಕಾಯಿಲೆ ನಿಮ್ಮದು" ಎಂದ ಒಕಿಡಿ.

ಶಿಕ್ಷಣ ಇಲಾಖೆಯವನು ಬೇಯಿಸಿದ ಮೊಟ್ಟೆ ಸುಲಿಯುತ್ತ ನಕ್ಕ. "ಶಾಲೆಗೆ ಬರ್ತಿದ್ರೆ ನಮ್ಮ ಮಗು ಅನ್ಬೋದಿತ್ತು."

ಬಚ್ಚಿಡೆಂದವನೇ ಆಮೇಲೆ ಲಮಾರೊಳನ್ನು ರಟ್ಟೆ ಹಿಡಿದು ಸಭೆಯ ನಡುವೆ ನಿಲ್ಲಿಸಿದ, ಕಟ್ಟಿದ ಬಟ್ಟೆ ಎಳೆದಂತೆ ಅಚಿರೊಳೂ ಹಿಂದೆ ಬಂದಳು. ಗೋಡೆಯ ಮೇಲೆ ಇಲಾಖೆಗಳ ಸಮನ್ವಯ ಸಭೆ ಎಂದು ಬರೆದ ಬಟ್ಟೆ ತೂಗುತ್ತಿತ್ತು. ಯಾರೋ ಕ್ಯಾಮೆರಾ ಎತ್ತಿದರು.

"ಹೇಳು ಮಗಾ, ಕಾಡಲ್ಲಿ ನಿನ್ನ ಕೈಲಿ ಏನೇನು ಮಾಡಿಸಿದ್ರು? ಹೇಳು, ಎಲ್ಲಾ ನಿನಗೋಸ್ಕರಾನೇ ಬಂದವ್ರೆ."

ಹುಡುಗಿಯ ಕಾಲ ಸಂದಿಯಿಂದ ಉಚ್ಚೆ ಇಳಿಯಿತು. ಮೇಡಂ ಚಪ್ಪಲಿ ಹಿಂದೆಳೆದುಕೊಂಡಳು.

"ಒರೆಸೆ ಮುದ್ಕಿ, ನೋಡ್ತಾ ನಿಂತವ್ಳೆ."

ಬೇರೆ ಬಟ್ಟೆ ಇರಲಿಲ್ಲ. ಇಬ್ಬರನ್ನೂ ಕಟ್ಟಿದ್ದ ಆ ಹರಕನ್ನೇ ಬಿಚ್ಚಿ ಅಚಿರೊ ನೆಲ ಒರೆಸಿದಳು. ಮೊಮ್ಮಗಳ ಕೈ ಹಿಡಿದು ಹೊರಗೆ ಬಂದಳು. ಒಳಗೆ ಹೊಸ ಸಮಿತಿಯೊಂದನ್ನು ಮಾಡಿ, ಮಳೆಗಾಲ ಕಳೆದ ಮೇಲೆ ಮತ್ತೆ ಸೇರೋಣವೆಂದು ಚಪ್ಪಾಳೆ ತಟ್ಟಿದರು.

ಎದ್ದು ಬಂದವರು ಬಾಗಿಲಲ್ಲೇ ನಿಂತರು. ಇದ್ದದ್ದು ಒಂದೇ ಬಾಗಿಲು. ಹೊಸ್ತಿಲುದ್ದಕ್ಕೂ ಸಿಪ್ಪೆ ಸುಲಿದ ಹಸಿ ಕಡ್ಡಿಗಳು, ಅವುಗಳ ನಡುವೆ ಅವರ ಊಟಕ್ಕೆ ತಂದು ಮಿಕ್ಕಿದ್ದ ಹಸಿ ಮೊಟ್ಟೆಗಳು. ಆಚೆ ಕಡೆ ಅಚಿರೊ ನಿಂತಿದ್ದಳು.

"ಏನೇ ಇದು, ಲೌಡಿ?" ಒಕಿಡಿ ಹಲ್ಲು ಕಡಿದ.

"ತುಳಿಯೋ. ನಿಮ್ಮವ್ವ ಇದ್ದಿದ್ರೆ ಅವಳೇ ಇಡ್ತಿದ್ಲು. ನನ್ನ ಕೂಸು ಕಾಡಿಂದ ಬಂದಾಯ್ತು. ನೀವಿನ್ನೂ ಬಂದಿಲ್ಲ. ಎಲ್ಲಾರೂ ತುಳ್ಕೊಂಡು ಮನೆಗ್ ಬನ್ನಿ. ಬಂದು ಇವಳನ್ನ ಎತ್ತಿ ಗಾಡೀಲಿ ಕೂರ್ಸಿ."

ಮೇಡಂ ಸಿಡುಕಿ, ಮೊಟ್ಟೆಗಳನ್ನು ದಾಟಲು ಕಾಲೆತ್ತಿದಳು. ಒಕಿಡಿ ಥಟ್ಟನೆ ಅವಳ ತೋಳು ಹಿಡಿದ.

"ದಾಟ್ಬೇಡಿ ಮೇಡಂ."

"ಯಾಕೆ?"

ತುಳಿಯದೆ ದಾಟಿದರೆ ಬೆನ್ನಿಗಿದ್ದ ಸತ್ತವರೂ ದಾಟಿ ಬರುತ್ತಾರೆ ಎನ್ನಲು ಅವನ ನಾಲಿಗೆ ಏಳಲಿಲ್ಲ. ಲಮಾರೊ ಅವರ ಭುಜಗಳಾಚೆ, ಖಾಲಿ ಕುರ್ಚಿಗಳ ಕಡೆಗೆ ನೋಡುತ್ತಿದ್ದಳು. ಅವಳ ತುಟಿ ಅಲುಗಿತು.

"ಅಜ್ಜಿ, ಇವರ ಹಿಂದೆ ನಿಂತಿರೋ ಮಕ್ಕಳೂ ತುಳೀಬೇಕಾ?"

ಕಾಡಿನಿಂದ ಬಂದ ಮೇಲೆ ಅವಳಾಡಿದ ಮೊದಲ ಮಾತು ಅದು. ಅಚಿರೊ ಅವಳನ್ನು ಎದೆಗೆ ಒತ್ತಿಕೊಂಡಳು. ಆದರೂ ಬಾಗಿಲು ಬಿಟ್ಟು ಸರಿಯಲಿಲ್ಲ.

"ಬೇಡ ಮಗಾ. ಅವರದ್ದೇನೂ ತಪ್ಪಿಲ್ಲ. ಇವರು ತುಳೀಲಿ."

ಒಕಿಡಿ ಹಿಂತಿರುಗಿ ನೋಡಲಿಲ್ಲ. ಬೂಟುಗಾಲನ್ನು ಮೊಟ್ಟೆಯ ಮೇಲೆ ಎತ್ತಿದವನು ಹಾಗೇ ನಿಂತಿದ್ದ. ಅಂಗಳದಲ್ಲಿ ಜೀಪುಗಳು ಗುರುಗುಡುತ್ತಲೇ ಇದ್ದವು.